ಟ್ರ್ಯಾಕ್ಟರ್ ಏರುವ ಹೊಸಬರಿಗೆ

ನಮ್ಮ ಭಾಗದಲ್ಲಿ ಟ್ರ್ಯಾಕ್ಟರ್ ಹೊಡೆಯುವುದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಅದು ತಾನಾಗಿ ಬರುತ್ತದೆ ಎಂದು ಎಲ್ಲರೂ ನಂಬಿದ್ದೇವೆ. ಹುಡುಗ ಮೊದಲು ಅಪ್ಪನ ಪಕ್ಕದಲ್ಲಿ ಮಡ್‌ಗಾರ್ಡಿನ ಮೇಲೆ ಕೂಡುತ್ತಾನೆ. ಏಳನೆಯ ಇಯತ್ತೆಗೆ ಬರುವಷ್ಟರಲ್ಲಿ ಅಪ್ಪನ ತೊಡೆಯ ಮೇಲೆ ಕೂತು ಸ್ಟೇರಿಂಗ್ ಹಿಡಿದಿರುತ್ತಾನೆ. ಮುಂದಿನ ಮುಂಗಾರಿಗೆ ಕಾಕಾ ಚಹಾ ಕುಡಿಯಲು ಬದುವಿಗೆ ಹೋದಾಗ ಒಬ್ಬನೇ ಎರಡು ಸಾಲು ಹರಗುತ್ತಾನೆ. ಅಲ್ಲಿಗೆ ಕಲಿಕೆ ಮುಗಿಯಿತು. ಕಾರು ಕಲಿಯಬೇಕೆಂದರೆ ನಿಪ್ಪಾಣಿಗೆ ಹೋಗಿ ದುಡ್ಡು ಕಟ್ಟಿ ಡ್ರೈವಿಂಗ್ ಸ್ಕೂಲಿಗೆ ಸೇರುತ್ತೇವೆ. ಅದಕ್ಕಿಂತ ಹೆಚ್ಚು ತೂಕದ, ಹೆಚ್ಚು ಬಲದ, ಹೆಚ್ಚು ಸುಲಭವಾಗಿ ಪಲ್ಟಿಯಾಗುವ ಯಂತ್ರವನ್ನು ಮಾತ್ರ ನೋಡಿನೋಡಿಯೇ ಕಲಿಯಲು ಬಿಡುತ್ತೇವೆ. ಇದು ಸರಿಯಲ್ಲ ಎಂದು ಹೇಳುವುದಕ್ಕೇ ಇಂದು ನಿಮ್ಮ ಮುಂದೆ ಬಂದಿದ್ದೇನೆ.

ನಮ್ಮ ನಿಪ್ಪಾಣಿ ಕಡೆಯ ಅಕ್ಕೋಳದಂಥ ಊರಿನಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಒಂದು ಕಡೆ ವೇದಗಂಗಾ ನದಿ. ಮಳೆಗಾಲದಲ್ಲಿ ಅಕ್ಕೋಳ-ಸಿದ್ನಾಳ ನಡುವಿನ ಬ್ಯಾರೇಜು ನೀರಲ್ಲಿ ಮುಳುಗುವ ಸುದ್ದಿಯನ್ನು ನೀವೆಲ್ಲ ಕೇಳುತ್ತಲೇ ಇರುತ್ತೀರಿ. ನದಿ ದಂಡೆಯಲ್ಲಿ ಕರಿ ಮಣ್ಣು, ಅದರಲ್ಲಿ ಕಬ್ಬು. ಮೇಲಿನ ಹೊಲಗಳಲ್ಲಿ ಸೋಯಾಬೀನ್ ಮತ್ತು ತಂಬಾಕು. ಊರು ದಾಟಿದರೆ ಮುಧೋಳ-ನಿಪ್ಪಾಣಿ ಹೆದ್ದಾರಿ, ಅದರಾಚೆ ಪುಣೆ-ಬೆಂಗಳೂರು ಹೆದ್ದಾರಿ. ಬೆಳಿಗ್ಗೆ ರಾಡಿಯಲ್ಲಿ ಇಳಿದ ಅದೇ ಗಾಡಿ ಮಧ್ಯಾಹ್ನ ಬದು ಹತ್ತಿ, ಸಂಜೆ ಕಬ್ಬು ಹೇರಿಕೊಂಡು, ರಾತ್ರಿ ಕಾರ್ಖಾನೆಯ ಸಾಲಿನಲ್ಲಿ ನಿಂತಿರುತ್ತದೆ. ಎಲ್ಲ ನೆಲದಲ್ಲೂ ಓಡುವ ವಾಹನ ಎಂದು ಬೇರೆ ದೇಶಗಳಲ್ಲಿ ಏನನ್ನು ಕರೆಯುತ್ತಾರೋ, ನಮಗೆ ಅದು ಟ್ರ್ಯಾಕ್ಟರೇ.

ಆ ಬೇರೆ ದೇಶದ ಗಾಡಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಏಕೆಂದರೆ ಅದರಲ್ಲಿ ನಮಗೊಂದು ಪಾಠವಿದೆ. ದಾಂಡೇಲಿ, ಮಡಿಕೇರಿ ಕಡೆ ಪ್ರವಾಸಕ್ಕೆ ಹೋದ ಹುಡುಗರು ದಪ್ಪ ಟೈರಿನ ನಾಲ್ಕು ಗಾಲಿಯ ಸಣ್ಣ ಗಾಡಿ ಓಡಿಸಿ ಬರುತ್ತಾರಲ್ಲ, ಅದೇ ಎ.ಟಿ.ವಿ. 1970ರಲ್ಲಿ ಹೋಂಡಾ ಕಂಪನಿ ಅಮೆರಿಕದ ಮಾರುಕಟ್ಟೆಗೆ ಬಿಟ್ಟಾಗ ಅದಕ್ಕೆ ಮೂರೇ ಗಾಲಿ. ಕಲಿಯಲು ಸುಲಭ, ಮಕ್ಕಳೂ ಓಡಿಸಬಹುದು ಎಂದು ಜನ ಮುಗಿಬಿದ್ದು ಕೊಂಡರು. ತಿರುವಿನಲ್ಲಿ ಅದು ಪಲ್ಟಿಯಾಗುತ್ತಿತ್ತು. ಸತ್ತವರಲ್ಲಿ, ಕೈಕಾಲು ಮುರಿದುಕೊಂಡವರಲ್ಲಿ ಮಕ್ಕಳೂ ಬಹಳ. ಕೊನೆಗೆ 1988ರಲ್ಲಿ ಅಲ್ಲಿನ ಸರಕಾರ ಮತ್ತು ಕಂಪನಿಗಳ ನಡುವೆ ಕೋರ್ಟಿನ ಮೂಲಕ ಒಪ್ಪಂದವಾಗಿ, ಮೂರು ಗಾಲಿಯ ಗಾಡಿಗಳ ಮಾರಾಟ ನಿಂತಿತು. ಗಾಡಿ ಕೊಂಡವರಿಗೆ ತರಬೇತಿಯ ವ್ಯವಸ್ಥೆಯನ್ನೂ ಕಂಪನಿಗಳೇ ಮಾಡಬೇಕಾಯಿತು. ಸುಲಭವಾಗಿ ಕಾಣುವ ಗಾಡಿಗೆ ತರಬೇತಿ ಯಾಕೆ ಬೇಕು ಎಂದು ಕೇಳುತ್ತಿದ್ದವರಿಗೆ ಉತ್ತರ ಸಿಕ್ಕಿದ್ದು ಆಸ್ಪತ್ರೆಗಳಲ್ಲಿ. ನಾವು ಅಲ್ಲಿಯವರೆಗೆ ಕಾಯಬೇಕಾಗಿಲ್ಲ.

ಈಗ ನಮ್ಮ ಟ್ರ್ಯಾಕ್ಟರಿಗೆ ಬರೋಣ. ಹೊಸದಾಗಿ ಕಲಿಯುವವನು ಗೇರ್ ಹಾಕುವುದಕ್ಕೂ ಮೊದಲು ತಿಳಿಯಬೇಕಾದ ಸಂಗತಿ ಒಂದಿದೆ: ಈ ಯಂತ್ರ ಹೇಗೆ ಬೀಳುತ್ತದೆ ಎಂಬುದು. ಅದು ವೇಗದಿಂದ ಮಾತ್ರ ಬೀಳುತ್ತದೆ ಎಂದುಕೊಂಡವರೇ ಹೆಚ್ಚು. ನಿಂತ ಜಾಗದಲ್ಲೇ, ಮೊದಲ ಗೇರಿನಲ್ಲೇ ಅದು ಹಿಂದಕ್ಕೆ ಮಗುಚಿಕೊಳ್ಳಬಲ್ಲದು.

ಹೇಗೆಂದು ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಹೆಚ್ಚಾಗಿರುವ ಟ್ರ್ಯಾಕ್ಟರುಗಳ ತೂಕ ಸುಮಾರು ಎರಡು ಟನ್. ಅದರ ಮೂರರಲ್ಲಿ ಎರಡು ಪಾಲು ಹಿಂದಿನ ಗಾಲಿಗಳ ಮೇಲೆಯೇ ಇರುತ್ತದೆ. ಇಂಜಿನ್ನಿನ ಬಲವೆಲ್ಲ ಹೋಗುವುದು ಹಿಂದಿನ ಆಕ್ಸಲ್ಲಿಗೆ. ಗಾಲಿ ಉರುಳಲು ಎಡೆಯಿದ್ದರೆ ಗಾಲಿ ಉರುಳುತ್ತದೆ, ಗಾಡಿ ಮುಂದೆ ಹೋಗುತ್ತದೆ. ಗಾಲಿ ರಾಡಿಯಲ್ಲಿ ಹೂತು ಸಿಕ್ಕಿಕೊಂಡಿದ್ದರೆ ಆ ಬಲ ಎಲ್ಲಿಗೆ ಹೋಗಬೇಕು? ಆಕ್ಸಲ್ಲಿನ ಸುತ್ತ ತಿರುಗಲು ಉಳಿದಿರುವುದು ಟ್ರ್ಯಾಕ್ಟರಿನ ಮೈ ಒಂದೇ. ಮೂತಿ ಮೇಲಕ್ಕೇಳುತ್ತದೆ. ಎದ್ದ ಮೂತಿ ಮತ್ತೆ ಕೆಳಗೆ ಬರಲಾರದ ಹಂತ ತಲುಪಲು ಮುಕ್ಕಾಲು ಸೆಕೆಂಡು ಸಾಕು. ಒಂದೂವರೆ ಸೆಕೆಂಡಿನಲ್ಲಿ ಗಾಡಿ ಪೂರ್ತಿ ಮಗುಚಿ, ಸ್ಟೇರಿಂಗ್ ಮತ್ತು ನೆಲದ ನಡುವೆ ಚಾಲಕ ಸಿಕ್ಕಿಕೊಂಡಿರುತ್ತಾನೆ. ಜಿಗಿದು ಪಾರಾಗುತ್ತೇನೆ ಎನ್ನುವುದು ಬರೀ ಮಾತು. ಏನಾಗುತ್ತಿದೆ ಎಂದು ತಲೆಗೆ ಹೊಳೆಯುವುದಕ್ಕೇ ಅಷ್ಟು ಹೊತ್ತು ಬೇಕು.

ನಮ್ಮ ಕಬ್ಬಿನ ಗದ್ದೆಗಳಲ್ಲಿ ಇದು ಎಲ್ಲಿ ಆಗುತ್ತದೆ ನೋಡಿ. ನೀರು ಹಾಯಿಸಿದ ಹೊಲ, ಕರಿ ಮಣ್ಣು, ಕಬ್ಬು ತುಂಬಿದ ಟ್ರೇಲರ್. ಹಿಂದಿನ ಗಾಲಿ ಗಿರಗಿರ ತಿರುಗಿ ತಿರುಗಿ ಹೂತುಹೋಗುತ್ತದೆ. ಆಗ ಯಾರೋ ಒಬ್ಬರು ಒಂದು ಮರದ ತುಂಡು ತಂದು, ಗಾಲಿಗಳ ಮುಂದಿಟ್ಟು, ಸರಪಳಿಯಿಂದ ಗಾಲಿಗೇ ಬಿಗಿದು ಕಟ್ಟುತ್ತಾರೆ. ಗಾಲಿ ತುಂಡಿನ ಮೇಲೆ ಹತ್ತಿ ಹೊರಬರುತ್ತದೆ ಎಂಬ ಲೆಕ್ಕ. ಗಾಲಿ ಹತ್ತದಿದ್ದರೆ ಆ ತುಂಡೇ ಗಾಲಿಯನ್ನು ಕಟ್ಟಿಹಾಕುತ್ತದೆ. ಆಮೇಲೆ ಕ್ಲಚ್ ಬಿಟ್ಟರೆ ಎದ್ದೇಳುವುದು ಮೂತಿ. ಅದು ಏಳದಿರಲೆಂದು ನಾಲ್ಕು ಜನ ಬಾನೆಟ್ಟಿನ ಮೇಲೆ, ಮುಂದಿನ ಬಂಪರಿನ ಮೇಲೆ ಹತ್ತಿ ನಿಲ್ಲುವುದನ್ನೂ ನೀವು ನೋಡಿರುತ್ತೀರಿ. ಒಬ್ಬನ ಜೀವಕ್ಕಿದ್ದ ಗಂಡಾಂತರವನ್ನು ಐದು ಜನರಿಗೆ ಹಂಚಿದಂತಾಯಿತು, ಅಷ್ಟೇ. ದಯವಿಟ್ಟು ಇದನ್ನು ಬಿಡಿ. ಹೂತ ಗಾಡಿಯನ್ನು ಹಿಂದಕ್ಕೆ ತೆಗೆಯಲು ಮೊದಲು ನೋಡಿ. ಬರದಿದ್ದರೆ ಟ್ರೇಲರ್ ಬಿಚ್ಚಿ, ಗಾಲಿಯ ಹಿಂದಿನ ಮಣ್ಣು ತೋಡಿ. ಆಗಲೂ ಬರದಿದ್ದರೆ ಗಟ್ಟಿ ನೆಲದ ಮೇಲೆ ನಿಂತ ಇನ್ನೊಂದು ಟ್ರ್ಯಾಕ್ಟರಿನಿಂದ ನಿಧಾನವಾಗಿ ಎಳೆಸಿ. ಎಳೆಯುವಾಗ ಸುತ್ತ ನಿಂತವರೆಲ್ಲ ದೂರ ಸರಿಯಬೇಕು. ಕಡಿದ ಸರಪಳಿ ಯಾರ ಮೇಲೆ ಬಂದು ಬಡಿಯುತ್ತದೆಂದು ಹೇಳಲಾಗದು.

ಎಳೆಯುವ ಕೊಂಡಿಯನ್ನು ಎಲ್ಲಿ ಹಾಕುತ್ತೀರಿ ಎಂಬುದರ ಮೇಲೂ ಪ್ರಾಣ ನಿಂತಿದೆ. ಟ್ರ್ಯಾಕ್ಟರಿನ ಹಿಂದೆ ಕೆಳಗಡೆ ಇರುವ ಎಳೆಯುವ ಪಟ್ಟಿಗೆ ಮಾತ್ರ ಕಟ್ಟಬೇಕು. ಟಾಪ್ ಲಿಂಕಿಗೆ, ಆಕ್ಸಲ್ಲಿಗೆ ಸರಪಳಿ ಸುತ್ತಿ ಎಳೆದರೆ, ಎಳೆತದ ಜಾಗ ಮೇಲೇರಿದಷ್ಟೂ ಗಾಡಿ ಹಿಂದಕ್ಕೆ ಮಗುಚುವುದು ಸುಲಭವಾಗುತ್ತದೆ.

ನನಗೆ ತುಂಬ ಸಂಕಟವಾಗುವುದು ಜಾತ್ರೆಗಳಲ್ಲಿ. ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಕಟ್ಟಿ ಜಗ್ಗಾಟಕ್ಕೆ ಬಿಡುತ್ತಾರೆ. ಮೂತಿ ಎದ್ದಷ್ಟೂ ಸಿಳ್ಳೆ. ಸ್ಟೇರಿಂಗ್ ಹಿಡಿದವನು ಇಪ್ಪತ್ತು ದಾಟದ ಹುಡುಗ. ಅವನನ್ನು ನೋಡುತ್ತ ನಿಂತ ಇನ್ನೂ ಚಿಕ್ಕವರು ಮನೆಗೆ ಹೋಗಿ ಅದನ್ನೇ ಮಾಡಿ ನೋಡುತ್ತಾರೆ. ಜಾತ್ರಾ ಕಮಿಟಿಯ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಬಹುಮಾನ ಕೊಡಬೇಕೆಂದಿದ್ದರೆ ಟ್ರೇಲರ್ ಕಟ್ಟಿದ ಗಾಡಿಯನ್ನು ಗೂಟಗಳ ನಡುವೆ ಮುಟ್ಟಿಸದೆ ಹಿಂದಕ್ಕೆ ತಂದು ನಿಲ್ಲಿಸಿದವನಿಗೆ ಕೊಡಿ. ಅದರಲ್ಲಿ ಜಾಣ್ಮೆ ಇದೆ. ಆದರೆ ವೇಗದ ಲೆಕ್ಕ ಇಡಬೇಡಿ, ನಿಧಾನವಾಗಿ ಮಾಡಿದವನಿಗೇ ಹೆಚ್ಚು ಅಂಕ ಇರಲಿ.

ಹಾಗಾದರೆ ಹೊಸಬನಿಗೆ ಕಲಿಸುವುದು ಹೇಗೆ? ಮೊದಲ ದಿನ ಇಂಜಿನ್ ಚಾಲೂ ಮಾಡುವುದೇ ಬೇಡ. ಎಡಗಡೆಯಿಂದ, ಗಾಡಿಗೆ ಮುಖ ಮಾಡಿ, ಹಿಡಿಕೆ ಹಿಡಿದು ಹತ್ತುವುದು ಮತ್ತು ಹಾಗೆಯೇ ಇಳಿಯುವುದು ರೂಢಿಯಾಗಲಿ. ಇಳಿಯುವಾಗ ಜಿಗಿಯುವವರೇ ಎಲ್ಲ. ಕೂತ ಮೇಲೆ ಕಣ್ಣು ಮುಚ್ಚಿ ಕ್ಲಚ್ ಎಲ್ಲಿ, ಬ್ರೇಕ್ ಎಲ್ಲಿ, ಹೈ-ಲೋ ಲಿವರ್ ಎಲ್ಲಿ ಎಂದು ಕೈಕಾಲಿನಿಂದಲೇ ಗುರುತಿಸಲಿ. ಹವಾಯಿ ಚಪ್ಪಲಿ ಬೇಡ, ಅದು ಕ್ಲಚ್ಚಿನ ಕೆಳಗೆ ಸಿಕ್ಕಿಕೊಂಡರೆ ಕಾಲು ಒತ್ತಿದರೂ ಗಾಡಿ ನಿಲ್ಲದು.

ಕಾರು ಅಥವಾ ಬೈಕು ಬಲ್ಲವನಿಗೆ ಟ್ರ್ಯಾಕ್ಟರಿನಲ್ಲಿ ಮೋಸವಾಗುವ ಜಾಗಗಳಿವೆ. ಬೈಕಿನಲ್ಲಿ ಕೈ ಬಿಟ್ಟರೆ ವೇಗ ಇಳಿಯುತ್ತದೆ. ಟ್ರ್ಯಾಕ್ಟರಿನಲ್ಲಿ ಕೈಯಿಂದ ಎಳೆಯುವ ಆಕ್ಸಿಲರೇಟರ್ ಒಂದಿದೆ, ಅದನ್ನು ಎಲ್ಲಿಟ್ಟರೆ ಅಲ್ಲೇ ನಿಲ್ಲುತ್ತದೆ. ಹೊಲದಲ್ಲಿ ರಂಟೆ ಹೊಡೆಯುವಾಗ ಅದು ಬೇಕು. ರಸ್ತೆಗೆ ಬರುವ ಮುಂಚೆ ಅದನ್ನು ಪೂರ್ತಿ ಇಳಿಸದಿದ್ದರೆ, ಹೆದರಿದ ಹುಡುಗ ಕಾಲು ತೆಗೆದರೂ ಗಾಡಿ ಓಡುತ್ತಲೇ ಇರುತ್ತದೆ. ಇನ್ನೊಂದು, ಇಂಜಿನ್ ಆರಿಸುವುದು. ಹಳೆಯ ಡೀಸೆಲ್ ಟ್ರ್ಯಾಕ್ಟರುಗಳಲ್ಲಿ ಕೀಲಿ ತಿರುಗಿಸಿದರೆ ಇಂಜಿನ್ ಆರುವುದಿಲ್ಲ, ಡೀಸೆಲ್ ಬಂದ್ ಮಾಡುವ ಗುಂಡಿಯನ್ನು ಎಳೆಯಬೇಕು. ಓಡಿಸಲು ಬರುವ ಎಷ್ಟೋ ಮಕ್ಕಳಿಗೆ ಅದನ್ನು ಗಾಬರಿಯಲ್ಲಿ ಹುಡುಕಲು ಬರುವುದಿಲ್ಲ. ಹೀಗಾಗಿ ಹೊಸಬ ಮೊದಲು ಕಲಿಯಬೇಕಾದ್ದು ನಿಲ್ಲಿಸುವುದು: ಕ್ಲಚ್ ಪೂರ್ತಿ ಒತ್ತು, ಬ್ರೇಕ್ ಒತ್ತು, ನ್ಯೂಟ್ರಲ್ ಮಾಡು, ಗುಂಡಿ ಎಳೆ. ನೀವು ಪಕ್ಕದಲ್ಲಿ ನೆಲದ ಮೇಲೆ ನಿಂತು "ನಿಲ್ಸು" ಎಂದು ಕೂಗಿದ ತಕ್ಷಣ ಅವನ ಕಾಲು ಕ್ಲಚ್ಚಿನ ಮೇಲೆ ತಾನಾಗಿ ಹೋಗಬೇಕು. ಅಲ್ಲಿಯವರೆಗೆ ಗಾಡಿಗೆ ನೇಗಿಲೂ ಬೇಡ, ಟ್ರೇಲರೂ ಬೇಡ. ಕಬ್ಬು ಹೋದ ಬಯಲು ಹೊಲ, ಬಾವಿ-ಕಾಲುವೆಗಳಿಂದ ದೂರ, ಲೋ ಗೇರು. ಅಷ್ಟು ಸಾಕು.

ಸ್ವಿಚ್ ಕೆಟ್ಟಾಗ ಕೆಳಗೆ ನಿಂತು ಸ್ಟಾರ್ಟರಿಗೆ ಸ್ಕ್ರೂಡ್ರೈವರ್ ಹಚ್ಚಿ ಚಾಲೂ ಮಾಡುವುದನ್ನು ಮಕ್ಕಳ ಎದುರು ಮಾಡಲೇಬೇಡಿ. ಗೇರಿನಲ್ಲಿದ್ದ ಗಾಡಿ ಚಾಲೂ ಆದೊಡನೆ ಹೊರಡುತ್ತದೆ, ನಿಂತವನು ಹಿಂದಿನ ದೊಡ್ಡ ಗಾಲಿಯ ಮುಂದೆಯೇ ಇರುತ್ತಾನೆ.

ಬ್ರೇಕಿನ ವಿಷಯಕ್ಕೆ ಬರುತ್ತೇನೆ. ಟ್ರ್ಯಾಕ್ಟರಿಗೆ ಬಲಗಾಲಿನ ಹತ್ತಿರ ಎರಡು ಬ್ರೇಕು, ಹಿಂದಿನ ಎಡ ಗಾಲಿಗೊಂದು, ಬಲ ಗಾಲಿಗೊಂದು. ಹೊಲದ ತುದಿಯಲ್ಲಿ ಸಣ್ಣ ಜಾಗದಲ್ಲಿ ಹೊರಳಿಸಲು ಒಂದೊಂದನ್ನೇ ಒತ್ತುತ್ತೇವೆ. ಎರಡನ್ನೂ ಕೂಡಿಸುವ ಒಂದು ಚಿಲಕವಿದೆ. ಹೊಲದಿಂದ ಡಾಂಬರು ರಸ್ತೆಗೆ ಬರುವಾಗ ಆ ಚಿಲಕ ಹಾಕದೆ ಹೋದರೆ, ವೇಗದಲ್ಲಿ ಒಂದೇ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಹೊರಳಿ ಮಗ್ಗುಲಾಗುತ್ತದೆ. ಎಷ್ಟು ಗಾಡಿಗಳಲ್ಲಿ ಆ ಚಿಲಕ ತುಕ್ಕು ಹಿಡಿದು ನಿಂತಿದೆ ಎಂದು ನೋಡಿಕೊಳ್ಳಿ. ತಿರುವಿನಲ್ಲಿ ವೇಗ ಎರಡು ಪಟ್ಟಾದರೆ ಗಾಡಿಯನ್ನು ಹೊರಗೆ ನೂಕುವ ಬಲ ನಾಲ್ಕು ಪಟ್ಟಾಗುತ್ತದೆ. ಎತ್ತರದ ಗಾಡಿಗೆ ಇದು ತಡೆಯದು.

ತವಂದಿ ಘಟ್ಟ ಇಳಿಯುವಾಗ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ಚಾಳಿ ಕೆಲವರಿಗಿದೆ. ಟ್ರೇಲರುಗಳಲ್ಲಿ ಹೆಚ್ಚಿನವಕ್ಕೆ ಸ್ವಂತ ಬ್ರೇಕಿಲ್ಲ. ಎರಡು ಟನ್ನಿನ ಟ್ರ್ಯಾಕ್ಟರನ್ನು ಅದರ ಎಷ್ಟೋ ಪಟ್ಟು ತೂಕದ ಕಬ್ಬು ಹಿಂದಿನಿಂದ ನೂಕುತ್ತಿರುವಾಗ, ತಡೆಯುವ ಶಕ್ತಿ ಇರುವುದು ಇಂಜಿನ್ನಿಗೆ ಮಾತ್ರ, ಅದೂ ಗೇರಿನಲ್ಲಿದ್ದಾಗ. ಏರು ಯಾವ ಗೇರಿನಲ್ಲಿ ಹತ್ತುತ್ತೀರೋ ಆ ಗೇರಿನಲ್ಲೇ ಇಳಿಯಿರಿ. ಗೇರು ಬದಲಿಸುವುದಿದ್ದರೆ ಇಳಿಜಾರು ಶುರುವಾಗುವ ಮೊದಲೇ ಬದಲಿಸಬೇಕು, ನಡುವೆ ಹಾಕಲು ಹೋದರೆ ಗೇರು ಕೂಡುವುದಿಲ್ಲ. ಹೊಳೆಯ ದಂಡೆ, ತೆರೆದ ಬಾವಿ, ಕಾಲುವೆಗಳ ಅಂಚಿಗೂ ಒಂದು ಲೆಕ್ಕವಿದೆ. ತಗ್ಗು ಎಷ್ಟು ಆಳವೋ ಕಡೇ ಪಕ್ಷ ಅಷ್ಟು ದೂರದಲ್ಲಿ ಗಾಲಿ ಇರಲಿ. ಮಳೆಗೆ ನೆನೆದ ಕರಿ ಮಣ್ಣಿನ ದಂಡೆಗೆ ಇನ್ನೂ ಹೆಚ್ಚು.

ಸೋಯಾಬೀನ್ ರಾಶಿಯ ದಿನಗಳಲ್ಲಿ ಟ್ರ್ಯಾಕ್ಟರ್ ನಿಂತೇ ಇರುತ್ತದೆ, ಅಪಾಯ ಮಾತ್ರ ತಿರುಗುತ್ತಿರುತ್ತದೆ. ರಾಶಿ ಮಿಷನ್ನಿಗೆ ಬಲ ಕೊಡುವ ಪಿ.ಟಿ.ಓ. ಶಾಫ್ಟು ನಿಮಿಷಕ್ಕೆ 540 ಸುತ್ತು, ಎಂದರೆ ಸೆಕೆಂಡಿಗೆ ಒಂಬತ್ತು ಸುತ್ತು ಹೊಡೆಯುತ್ತದೆ. ಅದಕ್ಕೆ ಸೆರಗಿನ ತುದಿ, ಧೋತರ, ಹೆಗಲ ಮೇಲಿನ ಟವೆಲ್ ಸಿಕ್ಕರೆ ಸೆಕೆಂಡಿಗೆ ಎರಡು ಮೀಟರಿನಷ್ಟು ಬಟ್ಟೆ ಸುತ್ತಿಕೊಳ್ಳುತ್ತದೆ. ಕೈ ಬಿಡಿಸಿಕೊಳ್ಳುವ ಮಾತೇ ಇಲ್ಲ. ರಾಶಿಯಲ್ಲಿ ಮಿಷನ್ನಿಗೆ ಹೊರೆ ಕೊಡುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಆ ಶಾಫ್ಟಿನ ಮೇಲೆ ಕಂಪನಿಯಿಂದಲೇ ಒಂದು ಪ್ಲಾಸ್ಟಿಕ್ ಕವಚ ಬಂದಿರುತ್ತದೆ. ಗ್ರೀಸ್ ಹಚ್ಚಲು ಅಡ್ಡಿ ಎಂದು ತೆಗೆದು ಮೂಲೆಗೆಸೆದಿರುತ್ತೇವೆ. ಇಂದೇ ಹುಡುಕಿ ಹಾಕಿ. ಇಲ್ಲದಿದ್ದರೆ ಹೊಸದು ತನ್ನಿ. ಹೆಣ್ಣುಮಕ್ಕಳಿಗೆ ಸೆರಗು ಸಿಕ್ಕಿಸಿ, ಮೇಲೊಂದು ಅಂಗಿ ಹಾಕಿಕೊಳ್ಳಲು ಹೇಳಿ, ಆ ಅಂಗಿಯನ್ನು ಮಾಲೀಕರೇ ಕೊಡಿಸಲಿ. ತಿರುಗುವ ಶಾಫ್ಟನ್ನು ದಾಟಿ ಹೋಗುವುದನ್ನು ಯಾರಿಗೂ ಬಿಡಬೇಡಿ, ಸುತ್ತು ಹಾಕಿಕೊಂಡು ಬರಲಿ.

ಯಂತ್ರವನ್ನೇ ಬದಲಿಸಿ ಪ್ರಾಣ ಉಳಿಸಿದ ದೇಶವೂ ಇದೆ. ಸ್ವೀಡನ್ನಿನಲ್ಲಿ 1959ರಲ್ಲೇ, ಹೊಸ ಟ್ರ್ಯಾಕ್ಟರುಗಳಿಗೆಲ್ಲ ಚಾಲಕನ ಸುತ್ತ ಗಟ್ಟಿ ಕಬ್ಬಿಣದ ಚೌಕಟ್ಟು ಇರಬೇಕೆಂದು ಕಾನೂನು ಮಾಡಿದರು. ಗಾಡಿ ಮಗುಚಿದರೂ ಆ ಚೌಕಟ್ಟು ಭಾರ ಹೊರುತ್ತದೆ, ಬೆಲ್ಟ್ ಹಾಕಿಕೊಂಡ ಚಾಲಕ ಅದರೊಳಗೆ ಉಳಿಯುತ್ತಾನೆ. ಕಾಲಕ್ರಮದಲ್ಲಿ ಅಲ್ಲಿ ಪಲ್ಟಿಯಿಂದ ಸಾಯುವವರು ಬಹುಪಾಲು ಇಲ್ಲದಂತಾದರು. ನಮ್ಮ ರೈತರು ಹೊಸ ಗಾಡಿ ಕೊಳ್ಳುವಾಗ ಹಾಡಿನ ಡಬ್ಬಿಗೆ, ಬಣ್ಣದ ದೀಪಕ್ಕೆ ಖರ್ಚು ಮಾಡುವ ಮೊದಲು ಈ ಚೌಕಟ್ಟನ್ನು ಕೇಳಬೇಕು. ಒಂದು ಎಚ್ಚರ: ಚೌಕಟ್ಟಿಲ್ಲದ ಗಾಡಿಯಲ್ಲಿ ಬೆಲ್ಟ್ ಕಟ್ಟಿಕೊಳ್ಳಬಾರದು.

ವಯಸ್ಸಿನ ಮಾತನ್ನೂ ಹೇಳಿಬಿಡುತ್ತೇನೆ. ಟ್ರ್ಯಾಕ್ಟರ್ ಓಡಿಸಲು ಹದಿನೆಂಟು ತುಂಬಬೇಕು, ಲೈಸೆನ್ಸ್ ಬೇಕು. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾನೂನಿನ ಪ್ರಕಾರ ಚಿಕ್ಕವರು ರಸ್ತೆಯಲ್ಲಿ ಗಾಡಿ ಓಡಿಸಿ ಅಪರಾಧವಾದರೆ, ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಒಂದು ವರ್ಷ ಗಾಡಿಯ ನೋಂದಣಿ ರದ್ದು. ಕೂಲಿಯಾಳು ಸಿಗುವುದಿಲ್ಲ, ಮಗ ಹೊಡೆಯದಿದ್ದರೆ ಹೊಲ ಪಾಳು ಬೀಳುತ್ತದೆ ಎಂಬ ನಿಮ್ಮ ಕಷ್ಟ ನನಗೆ ಗೊತ್ತು. ಅದಕ್ಕೇ ಸರಕಾರ 2014-15ರಿಂದ ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳನ್ನು ತೆರೆದು ಯಂತ್ರಗಳನ್ನು ಬಾಡಿಗೆಗೆ ಕೊಡುತ್ತಿದೆ. ಮತ್ತೆ, ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂಡಿಸುವುದು ಇವತ್ತೇ ನಿಲ್ಲಲಿ. ಒಂದು ಸೀಟಿಗೆ ಒಬ್ಬರೇ. ಮುದ್ದಿನಿಂದ ಕೂಡಿಸಿದ ಮಗು ಒಂದು ಕುಲುಕಿಗೆ ಬೀಳುವುದು ಹಿಂದಿನ ಗಾಲಿಯ ಕೆಳಗೇ.

ಬೆಳಗಾವಿ ಸೀಮೆಯವರಿಗೆ ಯಂತ್ರ ಹೊಸದಲ್ಲ. ನಮ್ಮ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಭೂಮಿಗೆ ವಿಷವಾಗುತ್ತದೆಂದು ರೈತರು ಹಿಂಜರಿದಿದ್ದರು. ಅವರನ್ನು ಒಪ್ಪಿಸಲು ಹೊತ್ತು ಹಿಡಿಯಿತು, ಒಪ್ಪಿದ ಮೇಲೆ ನಾವು ಹಿಂದೆ ನೋಡಲಿಲ್ಲ. ಆದರೆ ಯಂತ್ರವನ್ನು ಮನೆಗೆ ತಂದವರು ತರಬೇತಿಯನ್ನು ತರಲಿಲ್ಲ. ಕೇಂದ್ರ ಸರಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ದಕ್ಷಿಣ ಭಾರತಕ್ಕೆಂದು ಇರುವುದು ಅನಂತಪುರದ ಹತ್ತಿರ ಗಾರ್ಲದಿನ್ನೆಯಲ್ಲಿ. ಅಕ್ಕೋಳದ ಹುಡುಗನಿಗೆ ಅದು ದೂರ. ಆದರೆ ನಿಪ್ಪಾಣಿಯ ಹಾಲಸಿದ್ಧನಾಥ, ಚಿಕ್ಕೋಡಿಯ ದೂಧಗಂಗಾ-ಕೃಷ್ಣಾ, ಉಗಾರದ ಸಕ್ಕರೆ ಕಾರ್ಖಾನೆ, ಹೀಗೆ ಸುತ್ತ ಇಷ್ಟೊಂದು ಕಾರ್ಖಾನೆಗಳಿವೆ. ಹಂಗಾಮಿಗೆ ಮುಂಚೆ ಕಾರ್ಖಾನೆಯವರು ಊರೂರಿನ ಟ್ರ್ಯಾಕ್ಟರ್ ಮಾಲೀಕರನ್ನು ಕರೆದು ಕರಾರು ಬರೆಯಿಸುತ್ತಾರೆ. ಆ ಕರಾರಿನ ಜೊತೆಗೇ ಹೊಸ ಚಾಲಕರಿಗೆ ಎರಡು ದಿನದ ಕಲಿಕೆ ಇಡಿಸಬೇಕೆಂದು ಕಬ್ಬು ಬೆಳೆಗಾರರಾದ ನಾವೇ ಸಭೆಯಲ್ಲಿ ಎದ್ದು ಕೇಳೋಣ. ಕಾರ್ಖಾನೆಯ ಖಾಲಿ ಅಂಗಳ ಅದಕ್ಕೆ ಸಾಕು.

ಖಂಡೆನವಮಿ ಬಂದಾಗ ಟ್ರ್ಯಾಕ್ಟರ್ ತೊಳೆದು, ಹೂವೇರಿಸಿ, ಕಾಯಿ ಒಡೆಯುತ್ತೇವೆ. ಅದರ ಬೆನ್ನಿಗೇ ಕಾರ್ಖಾನೆಗಳು ಶುರುವಾಗುತ್ತವೆ. ಪೂಜೆಗೆ ಗಾಡಿ ತೊಳೆಯುವಾಗಲೇ ಮನೆಯಲ್ಲಿ ಕಲಿಯುತ್ತಿರುವ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರೆದುಕೊಳ್ಳಿ. ಬ್ರೇಕಿನ ಚಿಲಕ ಸಡಿಲಿಸಿ ಎಣ್ಣೆ ಬಿಡಲಿ. ಟ್ರೇಲರಿನ ಪಿನ್ನು ಸವೆದಿದೆಯೇ, ಅದಕ್ಕೆ ಕೆಳಗಿನ ಚಾವಿ ಇದೆಯೇ ನೋಡಲಿ. ಶಾಫ್ಟಿನ ಕವಚ ಹಾಕಲಿ. ಟ್ರೇಲರಿನ ಹಿಂಬದಿಯ ದೀಪ ಹತ್ತುತ್ತದೆಯೇ ಎಂದು ಹಿಂದೆ ನಿಂತು ಹೇಳಲಿ. ಕಬ್ಬು ಹೇರಿದ ಮೇಲೆ ಜೋತುಬಿದ್ದ ಸೋಗೆ ಆ ದೀಪವನ್ನು ಪೂರ್ತಿ ಮುಚ್ಚಿಬಿಡುತ್ತದೆ, ರಾತ್ರಿ ಹಿಂದಿನಿಂದ ಬರುವ ಬೈಕಿನವನಿಗೆ ಕತ್ತಲಲ್ಲಿ ಕತ್ತಲೇ ಕಾಣುತ್ತದೆ. ಆದ್ದರಿಂದ ಕೆಂಪು ರೇಡಿಯಂ ಪಟ್ಟಿಯನ್ನು ಟ್ರೇಲರಿನ ಹಿಂಬದಿಗೆ, ಎರಡೂ ಮಗ್ಗುಲಿಗೆ ಹಚ್ಚಿ, ಹೇರಿದ ಕಬ್ಬಿನ ತುದಿಗೂ ಪಟ್ಟಿ ಹಚ್ಚಿದ ಒಂದು ಬಟ್ಟೆ ಕಟ್ಟಿ. ಕಾಟಾ ಆಗಿ ಖಾಲಿ ಟ್ರೇಲರ್ ತಿರುಗಿ ಬರುವಾಗ ಆ ಬಟ್ಟೆಯನ್ನು ಬಿಚ್ಚಿ ಸೀಟಿನ ಕೆಳಗೆ ಇಟ್ಟುಕೊಂಡರೆ ಮರುದಿನದ ಹೇರಿಗೂ ಆಗುತ್ತದೆ.